ಇಂಜಿನ್ ಬಿಚ್ಚೋಕೆ ಮುಂಚೆ: ಬೈಕ್ ಕಂಪ್ರೆಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಭೋಸರಿ, ಚಾಕಣ್, ಚಿಂಚವಡ ಕಡೆ ಕೆಲಸಕ್ಕೆ ಬಂದಿರೋ ನಮ್ಮ ವಿಜಯಪುರ, ಕಲಬುರ್ಗಿ, ಬೆಳಗಾವಿ ಮಂದಿ ಹತ್ರ ಒಂದೊಂದು ಹಳೇ ಗಾಡಿ ಇದ್ದೇ ಇರುತ್ತೆ, ಊರಿಂದ ತಂದಿದ್ದು ಇಲ್ಲಾಂದ್ರೆ ಇಲ್ಲೇ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಮೆಕ್ಯಾನಿಕ್ ಅಲ್ಲ, ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ, ಅಳತೆ ಇಲ್ದೇ ಯಾರೇನು ಹೇಳಿದ್ರೂ ನಂಬದಿರೋ ಚಟ ಅಲ್ಲಿಂದ ಬಂದಿದ್ದು. ಭಾನುವಾರ ಪಾರ್ಕಿಂಗ್‌ನಲ್ಲಿ ಗಾಡಿ ಮುಂದೆ ಕೂತಾಗ ಜನ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟಿಗೆ ಬರ್ದಿದೀನಿ. ಕಂಪ್ರೆಷನ್ ಅಂದ್ರೆ ಪಿಸ್ಟನ್ ಮೇಲೆ ಬರೋವಾಗ ಇಂಜಿನ್ ಒಳಗಿನ ಗಾಳಿನ ಸೋರದಂಗೆ ಒತ್ತಿ ಹಿಡಿಯೋದು, ಗೇಜ್ ಅಂದ್ರೆ ಆ ಒತ್ತಡ ಅಳೆಯೋ ಮೀಟರ್.

ಗೇಜ್ ಇಲ್ದೇ ಕಂಪ್ರೆಷನ್ ಕಮ್ಮಿ ಅಂತ ಹೇಗೆ ಗೊತ್ತಾಗುತ್ತೆ?

ಕಾಲಿಗೆ ಗೊತ್ತಾಗುತ್ತೆ. ಇಗ್ನಿಷನ್ ಆಫ್ ಮಾಡಿ, ಕಿಕ್ಕನ್ನ ಹೊಡೀಬೇಡಿ, ನಿಧಾನಕ್ಕೆ ಒತ್ತಿ. ಒಂದು ಕಡೆ ಬಿಗಿಯಾಗಿ ನಿಲ್ಲುತ್ತಲ್ಲ, ಅಲ್ಲೇ ಸ್ವಲ್ಪ ಭಾರ ಬಿಟ್ಟು ಹಾಗೇ ನಿಂತ್ಕೊಳ್ಳಿ. ಒಳ್ಳೇ ಇಂಜಿನ್ ಆದ್ರೆ ಕಾಲನ್ನ ಒಂದಷ್ಟು ಹೊತ್ತು ತಡೆದು ಆಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತೆ, ಸೋರೋ ಇಂಜಿನ್ ಆದ್ರೆ ತಡೆಯೋದೇ ಇಲ್ಲ, ಬೆಣ್ಣೆಯಲ್ಲಿ ಕಾಲಿಟ್ಟ ಹಾಗೆ ಜಾರ್ಕೊಂಡು ಹೋಗುತ್ತೆ. ಇದರ ಜೊತೆ ಬೆಳಗ್ಗೆ ಚೋಕ್ ಎಳೆದ್ರೂ ಹತ್ತು ಹದಿನೈದು ಕಿಕ್ ಬೇಕಾಗೋದು, ಐಡಲ್‌ನಲ್ಲಿ ನಿಲ್ಲದೇ ಆಫ್ ಆಗೋದು, ಕಾತ್ರಜ್ ಘಾಟ್‌ನಲ್ಲಿ ಮೂರನೇ ಗೇರ್ ಎಳೀದೇ ಎರಡಕ್ಕೆ ಬರೋದು, ಇವೆಲ್ಲ ಸೇರಿದ್ರೆ ಅನುಮಾನ ಪಡಬಹುದು. ಆದ್ರೆ ಅನುಮಾನ ಅಷ್ಟೇ, ಇದನ್ನೇ ನಂಬ್ಕೊಂಡು ಇಂಜಿನ್ ಮೇಲಿನ ಮುಚ್ಚಳದ, ಅಂದ್ರೆ ಹೆಡ್‌ನ ಬೋಲ್ಟಿಗೆ ಪಾನಾ ಹಾಕ್ಬೇಡಿ.

ಪಿಕಪ್ ಇಲ್ಲ, ಮೈಲೇಜ್ ಇಲ್ಲ ಅಂದ್ರೆ ಕಂಪ್ರೆಷನ್ನೇ ಹೋಗಿರೋದಾ?

ಬಹಳ ಸಲ ಅಲ್ಲ. ರೇಸ್ ಕೊಟ್ರೆ ಇಂಜಿನ್ ಕೂಗುತ್ತೆ ಆದ್ರೆ ಗಾಡಿ ಓಡಲ್ಲ ಅಂದ್ರೆ ಅದು ಕ್ಲಚ್ ಪ್ಲೇಟ್. ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದ್ರೆ ತಿರುಗ್ತಿಲ್ಲ ಅಂದ್ರೆ ಬ್ರೇಕ್ ಹಿಡ್ಕೊಂಡಿದೆ. ಏರ್ ಫಿಲ್ಟರ್ ಕೂಡ ತೆಗೆದು ನೋಡಿ, ಪುಣೆಯಲ್ಲಿ ಎಲ್ಲಿ ನೋಡಿದ್ರೂ ಕಟ್ಟಡ, ಮೆಟ್ರೋ ಕೆಲಸ, ಫಿಲ್ಟರ್ ಮೇಲೆ ಸಿಮೆಂಟ್ ಬಣ್ಣದ ಪದರ ಕೂತಿರುತ್ತೆ. ಅದಕ್ಕೆ ಕೆಲವರು ಫಿಲ್ಟರ್ರೇ ಕಿತ್ತು ಓಡಿಸ್ತಾರೆ, ಆ ಧೂಳು ನೇರ ಬೋರ್‌ಗೆ, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆಗೆ ಹೋಗಿ, ಪಿಸ್ಟನ್ ಸುತ್ತ ಇರೋ ರಿಂಗ್ ಸವೆಸುತ್ತೆ. ಆಗ ನಿಜವಾಗ್ಲೂ ಕಂಪ್ರೆಷನ್ ಹೋಗುತ್ತೆ, ಕೇಳೋದೇ ಬೇಡ.

ಮೆಕ್ಯಾನಿಕ್ ಒಂದು ಕಿಕ್ ಹೊಡೆದು "ರಿಂಗಾ ಗೇಲ್ಯಾ, ಇಂಜಿನ್ ಖೋಲಾವಂ ಲಾಗೇಲ್" (ರಿಂಗ್ ಹೋಗಿವೆ, ಇಂಜಿನ್ ಬಿಚ್ಚಬೇಕಾಗುತ್ತೆ) ಅಂದ್ರು. ನಂಬ್ಲಾ?

ನಮ್ಮ ಮಾಮಾಗೂ ಹೀಗೇ ಹೇಳಿದ್ರು. ಅವರದು ಹಳೇ ಸ್ಪ್ಲೆಂಡರ್, ಎಂಬತ್ತು ಸಾವಿರ ಕಿಲೋಮೀಟರ್ ದಾಟಿದ್ದು. ಫೋನ್ ಮಾಡಿ "ತಮ್ಮಾ, ಗಾಡಿ ಏರವಲ್ದೋ, ಘಾಟಿನ್ಯಾಗ ಟೆಂಪೋದಾವ್ರು ಹಾರ್ನ್ ಹೊಡ್ದು ಹೊಡ್ದು ಬೈದು ಹೋಗ್ತಾರ" ಅಂದ್ರು. ಗ್ಯಾರೇಜ್‌ನವರು ಬೋರ್ ಕಿಟ್ (ಸಿಲಿಂಡರ್, ಪಿಸ್ಟನ್, ರಿಂಗ್), ವಾಲ್ವ್, ಜೊತೆಗೆ ಟೈಮಿಂಗ್ ಚೈನ್ ಅಂತ ಚೀಟಿ ಬರ್ದು ಕೊಟ್ಟಾಗಿತ್ತು. ನಾನು ಹೋಗಿ ಗೇಜ್ ಹಾಕ್ದೆ, 85 ಪಿಎಸ್‌ಐ (ಒತ್ತಡದ ಅಳತೆ, ಟೈರ್ ಗಾಳಿಗೂ ಇದೇ). ಕಮ್ಮಿ ಇರೋದು ನಿಜ, ಗ್ಯಾರೇಜ್‌ನವರು ಸುಳ್ಳು ಹೇಳಿರ್ಲಿಲ್ಲ. ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡ್ದೆ, 95 ಅಷ್ಟೇ. ರಿಂಗ್ ಹೋಗಿದ್ರೆ ಸಾಮಾನ್ಯವಾಗಿ ಅಷ್ಟಕ್ಕೆ ನಿಲ್ಲಲ್ಲ, ಯಾಕೆ ಅಂತ ಕೆಳಗೆ ಬರ್ದಿದೀನಿ. ಟ್ಯಾಪೆಟ್ (ವಾಲ್ವ್ ತುದಿಯಲ್ಲಿ ಬಿಡೋ ಸಣ್ಣ ಸಂದನ್ನ ಸರಿ ಮಾಡೋ ಸ್ಕ್ರೂ) ಕವರ್ ಬಿಚ್ಚಿ ನೋಡಿದ್ರೆ ಹೊಗೆ ಹೋಗೋ ಎಕ್ಸಾಸ್ಟ್ ಕಡೆ ನನ್ನ ಫಿಲ್ಲರ್ ಗೇಜಿನ, ಅಂದ್ರೆ ಸಂದು ಅಳೆಯೋ ಪಟ್ಟಿಗಳ ಕಟ್ಟಿನ, ಅತೀ ತೆಳು ಪಟ್ಟಿ, 0.03 ಎಂಎಂದು, ಅದೂ ಒಳಗೆ ಹೋಗ್ತಿಲ್ಲ. ಅಂದ್ರೆ ವಾಲ್ವ್ ಪೂರ್ತಿ ಮುಚ್ಕೊಳ್ತಾನೇ ಇರ್ಲಿಲ್ಲ. ಟ್ಯಾಪೆಟ್ ಸೆಟ್ ಮಾಡಿ ಒಂದು ರೌಂಡ್ ಓಡಿಸಿ ಮತ್ತೆ ಗೇಜ್ ಹಾಕಿದ್ರೆ 140.

ಕಥೆ ಇಲ್ಲಿಗೇ ಮುಗಿದಿದ್ರೆ ನಾನು ಹೀರೋ. ಮೂರು ತಿಂಗಳಿಗೆ ಅದೇ ಟ್ಯಾಪೆಟ್ ಮತ್ತೆ ಬಿಗಿ ಆಯ್ತು, ಅಂದ್ರೆ ವಾಲ್ವ್ ಮುಚ್ಚಿ ಕೂರೋ ಸೀಟ್ ಸವೆದು ವಾಲ್ವ್ ಒಳಗೆ ಒಳಗೆ ಇಳೀತಿತ್ತು. ಕೊನೆಗೆ ಹೆಡ್ ಇಳಿಸ್ಲೇಬೇಕಾಯ್ತು, ಸೀಟ್ ಕಟಿಂಗ್, ಹೊಸ ಎಕ್ಸಾಸ್ಟ್ ವಾಲ್ವ್. ಆದ್ರೆ ಬೋರ್, ಪಿಸ್ಟನ್, ರಿಂಗ್ ಮುಟ್ಟಲಿಲ್ಲ, ಚೀಟಿಯಲ್ಲಿದ್ದ ಅರ್ಧಕ್ಕರ್ಧ ಸಾಮಾನು ಬೇಕಾಗ್ಲೇ ಇಲ್ಲ. ಮೆಕ್ಯಾನಿಕ್ ಮೇಲೆ ನಂಗೇನೂ ಕೋಪ ಇಲ್ಲ, ದಿನಕ್ಕೆ ಹತ್ತು ಗಾಡಿ ಬರೋ ಜಾಗದಲ್ಲಿ ಒಂದಕ್ಕೆ ಒಂದು ಗಂಟೆ ಅಳತೆ ಹಿಡ್ಕೊಂಡು ಕೂರೋಕೆ ಅವರಿಗೆ ಆಗಲ್ಲ, ನಾವೇ ಕೂರ್ಬೇಕು. ಇನ್ನೊಂದು, ಗಾಳಿ ಎಲ್ಲಿಂದ ಸೋರ್ತಿದೆ ಅನ್ನೋದು ಇಂಜಿನ್ ಜೋಡಣೆಯಾಗಿ ಇದ್ದಾಗ ಮಾತ್ರ ಗೊತ್ತಾಗೋದು, ಒಮ್ಮೆ ಬಿಚ್ಚಿ ಟ್ರೇಯಲ್ಲಿ ಹಾಕಿದ ಮೇಲೆ ಎಲ್ಲಾ ಸಾಮಾನೂ ಸ್ವಲ್ಪ ಸ್ವಲ್ಪ ಸವೆದಂಗೇ ಕಾಣುತ್ತೆ, ಆಗ ಎಲ್ಲಾ ಬದಲಿ ಮಾಡೋದು ಬಿಟ್ಟು ಬೇರೆ ದಾರಿ ಇರಲ್ಲ.

ಯಾವ ಗೇಜ್ ತಗೊಳ್ಳೋದು? ಕಾರಿಂದು ನಡೆಯುತ್ತಾ?

ಇಲ್ಲಿ ನಾನು ಕೈ ಸುಟ್ಕೊಂಡಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಮೊದಲು ಪ್ಲಗ್ ಥ್ರೆಡ್ ನೋಡ್ಕೊಳ್ಳಿ. ಸ್ಪ್ಲೆಂಡರ್‌ಗೆ 10 ಎಂಎಂ, ಆರ್‌ಎಕ್ಸ್ 100ಗೆ ಮತ್ತೆ ಹಳೇ ಕಾಸ್ಟ್ ಐರನ್ ಬುಲೆಟ್‌ಗೆ 14, ಕೆಲವು ಗಾಡಿಗೆ 12. ಅಡಾಪ್ಟರ್ ಸೆಟ್ ಜೊತೆಗೇ ಬರೋ ಗೇಜ್ ತಗೊಳ್ಳಿ, ರಬ್ಬರ್ ಕೋನ್ ಒತ್ತಿ ಹಿಡಿಯೋದು ಬೇಡ, ಒಬ್ಬನೇ ಕಿಕ್ ಹೊಡೀತಾ ಅದನ್ನ ಒತ್ತಿ ಹಿಡಿಯೋಕಾಗಲ್ಲ.

ಆಮೇಲೆ ಯಾರೂ ಹೇಳದಿರೋ ವಿಷಯ. ಗೇಜಿನ ಪೈಪ್‌ನಲ್ಲಿ ಸೈಕಲ್ ಟ್ಯೂಬಿನ ಪಿನ್ ತರ ಒಂದು ಚಿಕ್ಕ ವಾಲ್ವ್ ಇರುತ್ತೆ, ಒಳಗೆ ಹೋದ ಗಾಳಿನ ವಾಪಸ್ ಬಿಡದಿರೋಕೆ. ಅದು ಪ್ಲಗ್ ಕಡೆ ತುದಿಯಲ್ಲಿ ಇರ್ಬೇಕು. ಗೇಜ್ ಕಡೆ ತುದಿಯಲ್ಲಿದ್ರೆ ಆ ಇಡೀ ಪೈಪ್ ಒಳಗಿನ ಜಾಗ ನಿಮ್ಮ ಇಂಜಿನ್ನಿನ ಕಂಬಶನ್ ಚೇಂಬರ್‌ಗೆ ಸೇರ್ಕೊಂಡಂಗೆ. ಕಾರಿಗೆ ಅದರಿಂದ ಅಷ್ಟು ವ್ಯತ್ಯಾಸ ಆಗಲ್ಲ. ಸ್ಪ್ಲೆಂಡರ್ ಇಂಜಿನ್ 97.2 ಸಿಸಿ, ಕಂಪ್ರೆಷನ್ ರೇಶ್ಯೋ (ಒಳಗಿನ ಜಾಗ ಎಷ್ಟು ಪಟ್ಟು ಚಿಕ್ಕದಾಗುತ್ತೆ ಅನ್ನೋದು) 9 ಅಂತ ಇಟ್ಕೊಂಡ್ರೆ ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 12 ಸಿಸಿ ಮಾತ್ರ. ಅದಕ್ಕೆ ಪೈಪಿಂದು 5 ಸಿಸಿ ಸೇರಿದ್ರೆ 17 ಆಯ್ತು, 9ರ ರೇಶ್ಯೋ 6.7ಕ್ಕೆ ಬಿತ್ತು. ಇಂಜಿನ್ ಚೆನ್ನಾಗಿದ್ರೂ ಗೇಜ್ ಸತ್ತಂಗೆ ತೋರಿಸುತ್ತೆ. ನಾನು ಮೊದಲು ತಗೊಂಡಿದ್ದು ಕಾರಿನ ಉದ್ದ ಪೈಪಿಂದು, ನನ್ನ ಸ್ವಂತ ಗಾಡಿಗೆ 95 ತೋರಿಸ್ತು, ಗಾಬರಿಯಾಗಿ ಬಿಡಿಭಾಗದ ಅಂಗಡಿಗಳಿರೋ ನಾನಾ ಪೇಠ್‌ಗೆ ಹೋಗಿ ಬೋರ್ ಕಿಟ್ ತಂದೆ. ಆಮೇಲೆ ಸ್ನೇಹಿತನ ಸರಿಯಾದ ಗೇಜ್ ಹಾಕಿದ್ರೆ 150. ಆ ಬೋರ್ ಕಿಟ್ ಇವತ್ತಿಗೂ ಲಾಫ್ಟ್ ಮೇಲೆ ದೀಪಾವಳಿ ಲೈಟಿನ ಡಬ್ಬಿ ಪಕ್ಕ ಇದೆ, ಪ್ರತಿ ಹಬ್ಬಕ್ಕೂ ಹೆಂಡತಿ ಕೆಳಗಿಳಿಸಿ ತೋರಿಸ್ತಾಳೆ.

ಅಳೆಯೋದು ಹೇಗೆ, ಒಂದೊಂದೇ ಹೇಳಿ.

ಮೊದಲು ಟ್ಯಾಪೆಟ್ ನೋಡಿ, ಅದು ಇಂಜಿನ್ ತಣ್ಣಗಿದ್ದಾಗ ಆಗ್ಬೇಕಾದ ಕೆಲಸ, ಕೆಳಗೆ ಬರ್ದಿದೀನಿ. ಆಮೇಲೆ ನಾಕೈದು ನಿಮಿಷ ಗಾಡಿ ಓಡಿಸಿ ಬೆಚ್ಚಗೆ ಮಾಡಿ. ಸುಡೋ ಬಿಸಿ ಬೇಡ, ಅಲ್ಯೂಮಿನಿಯಂ ಹೆಡ್ ಕಾದಿರೋವಾಗ ಪ್ಲಗ್ ತಿರುಗಿಸಿದ್ರೆ ಥ್ರೆಡ್ಡೇ ಕಿತ್ಕೊಂಡು ಬರಬಹುದು. ಪ್ಲಗ್ ತೆಗೆಯೋಕೆ ಮುಂಚೆ ಸುತ್ತ ಇರೋ ಮಣ್ಣು ಊದಿ, ಇಲ್ಲಾಂದ್ರೆ ಅದೆಲ್ಲ ಬೋರ್ ಒಳಗೆ ಬೀಳುತ್ತೆ. ಪೆಟ್ರೋಲ್ ಕಾಕ್ ಆಫ್ ಮಾಡಿ, ಪ್ಲಗ್ಗನ್ನ ಕ್ಯಾಪಿಗೆ ಹಾಕಿ ಪ್ಲಗ್ ತೂತಿಂದ ದೂರ ಲೋಹಕ್ಕೆ ತಾಗಿಸಿ ಇಡಿ, ಕಿಲ್ ಸ್ವಿಚ್ ಇದ್ರೆ ಆಫ್. ಫ್ಯೂಯೆಲ್ ಇಂಜೆಕ್ಷನ್ ಗಾಡಿ ಆದ್ರೆ ಇಂಜೆಕ್ಟರ್ ಕಪ್ಲರ್ ಎಳೆದು ಬಿಡಿ.

ಗೇಜ್ ಅಡಾಪ್ಟರ್ ಕೈಯಲ್ಲೇ ತಿರುಗಿಸಿ ಕೂರಿಸಿ, ವಾಷರ್ ಇದೆಯಾ ನೋಡ್ಕೊಳ್ಳಿ. ಈಗ ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡ್ಕೊಳ್ಳಿ. ಇದನ್ನ ಮರೆಯೋರೇ ಜಾಸ್ತಿ, ಥ್ರಾಟಲ್ ಮುಚ್ಚಿದ್ರೆ ಒಳಗೆ ಗಾಳಿನೇ ಹೋಗಲ್ಲ, ಹೋಗದಿರೋ ಗಾಳಿನ ಪಿಸ್ಟನ್ ಏನಂತ ಒತ್ತುತ್ತೆ? ಜೋರಾಗಿ ಒಂದೇ ಸಮ ಕಿಕ್ ಹೊಡೀರಿ, ಮುಳ್ಳು ಏರೋದು ನಿಲ್ಲೋವರೆಗೆ, ಸಾಮಾನ್ಯವಾಗಿ ಐದರಿಂದ ಎಂಟು ಕಿಕ್. ಮೊದಲ ಕಿಕ್ಕಿಗೆ ಎಷ್ಟು ಬಂತು ಅಂತಾನೂ ಬರ್ಕೊಳ್ಳಿ. ಸೆಲ್ಫ್ ಮಾತ್ರ ಇರೋ ಗಾಡಿ ಆದ್ರೆ ಬ್ಯಾಟರಿ ಫುಲ್ ಇರ್ಬೇಕು, ಮುಕ್ಕಿ ಮುಕ್ಕಿ ತಿರುಗೋ ಸೆಲ್ಫ್‌ನಲ್ಲಿ ಬಂದ ನಂಬರ್‌ಗೆ ಬೆಲೆ ಇಲ್ಲ. ಮೂರು ಸಲ ಮಾಡಿ, ಮೂರೂ ಹತ್ತಿರ ಹತ್ತಿರ ಬಂದ್ರೆ ಮಾತ್ರ ಒಪ್ಕೊಳ್ಳಿ.

ಎಷ್ಟು ಬಂದ್ರೆ ಒಳ್ಳೇದು?

ನಿಮ್ಮ ಗಾಡಿ ಸರ್ವಿಸ್ ಮ್ಯಾನುಯಲ್‌ನಲ್ಲಿರೋದೇ ಕೊನೇ ಮಾತು. ಅದು ಸಿಗದೇ ಇದ್ರೆ ಅಂದಾಜಿಗೆ, ಈಗಿನ 100-150 ಸಿಸಿ ಫೋರ್ ಸ್ಟ್ರೋಕ್ ಗಾಡಿಗೆ 140ರಿಂದ 180 ಪಿಎಸ್‌ಐ ಆರಾಮ, 120 ಹತ್ರ ಇದ್ರೆ ಕಣ್ಣಿಟ್ಟಿರಿ, 100ಕ್ಕಿಂತ ಕೆಳಗೆ ಬಂದ್ರೆ ಏನೋ ಆಗಿದೆ. ಹಳೇ ಕಾಸ್ಟ್ ಐರನ್ ಬುಲೆಟ್ 350ರ ರೇಶ್ಯೋನೇ 6.5 ಸುತ್ತಮುತ್ತ, ಅದಕ್ಕೆ 150 ಬರ್ಲಿ ಅಂತ ಕಾಯೋದು ತಪ್ಪು. ಗೇಜ್ ಮೇಲೆ ಕೆಜಿ ಲೆಕ್ಕ ಇದ್ರೆ ಪಿಎಸ್‌ಐ ಮಾಡೋಕೆ 14.2ರಿಂದ ಗುಣಿಸಿ, ಬಾರ್ ಇದ್ರೆ 14.5.

ರೇಶ್ಯೋನ 14.7ರಿಂದ ಗುಣಿಸಿದ್ರೆ ಸರಿಯಾದ ಪಿಎಸ್‌ಐ ಬರುತ್ತೆ ಅಂತ ಒಂದು ಲೆಕ್ಕ ಎಲ್ಲಾ ಕಡೆ ಓಡಾಡುತ್ತೆ, ಅದನ್ನ ಬಿಟ್ಬಿಡಿ. ಗಾಳಿನ ಒತ್ತಿದ್ರೆ ಬಿಸಿ ಆಗುತ್ತೆ, ಬಿಸಿಯಾದ್ರೆ ಒತ್ತಡ ಇನ್ನೂ ಏರುತ್ತೆ. ಇನ್ನೊಂದು ಕಡೆ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲೆ ಹೊರಟ ಮೇಲೂ ಸ್ವಲ್ಪ ಹೊತ್ತು ತೆರೆದೇ ಇರೋದ್ರಿಂದ ಒಂದಷ್ಟು ಗಾಳಿ ವಾಪಸ್ ಹೋಗುತ್ತೆ. ಇವೆರಡೂ ಯಾವ ಗಾಡಿಯಲ್ಲಿ ಎಷ್ಟೆಷ್ಟು ಅನ್ನೋದು ಆ ಗುಣಾಕಾರದಲ್ಲಿ ಎಲ್ಲೂ ಇಲ್ಲ.

ಊರಿನ ಎತ್ತರನೂ ಸೇರಿಸ್ಕೊಳ್ಳಿ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡ ಮುಂಬೈಗಿಂತ ಆರು ಪರ್ಸೆಂಟ್‌ನಷ್ಟು ಕಮ್ಮಿ. ಅಂಧೇರಿಯಲ್ಲೋ ಪಣಜಿಯಲ್ಲೋ 150 ತೋರಿಸಿದ ಇಂಜಿನ್ ಇಲ್ಲಿ 140 ಆಸುಪಾಸು ತೋರಿಸಿದ್ರೆ ಅದಕ್ಕೆ ಯಾವ ರೋಗನೂ ಇಲ್ಲ, ಅದನ್ನೇ 1350 ಮೀಟರ್ ಮೇಲಿರೋ ಮಹಾಬಳೇಶ್ವರಕ್ಕೆ ತಗೊಂಡು ಹೋದ್ರೆ 130ಕ್ಕೆ ಬರುತ್ತೆ. ಗೋವಾದಲ್ಲಿರೋ ಭಾವ ಅವರ ಗಾಡಿ ರೀಡಿಂಗ್ ಹೇಳಿದ್ರು ಅಂತ ನಿಮ್ಮದಕ್ಕೆ ಹೋಲಿಸಿ ತಲೆ ಕೆಡಿಸ್ಕೊಬೇಡಿ.

ತೀರಾ ಜಾಸ್ತಿ ಬಂದ್ರೂ ಖುಷಿ ಪಡೋ ಹಾಗಿಲ್ಲ. ಪಿಸ್ಟನ್ ತಲೆ ಮೇಲೆ ಕಾರ್ಬನ್ ಗಟ್ಟಿ ಕೂತ್ರೆ ಚೇಂಬರ್ ಚಿಕ್ಕದಾಗಿ ರೀಡಿಂಗ್ ಏರುತ್ತೆ, ಒಳಗೆ ರಿಂಗ್ ಸವೆದಿದ್ರೂ ಮುಚ್ಚಿ ಹೋಗುತ್ತೆ.

ಹೊಸ ಗಾಡಿ, ಚೆನ್ನಾಗೇ ಓಡುತ್ತೆ, ಆದ್ರೂ ಗೇಜ್ 80 ತೋರಿಸ್ತಿದೆ?

ಡಿಕಂಪ್ರೆಸರ್ ಇರಬಹುದು. ಸ್ಟಾರ್ಟ್ ಮಾಡೋವಾಗ ಸೆಲ್ಫ್ ಮೋಟರ್‌ಗೆ ಭಾರ ಆಗ್ಬಾರ್ದು ಅಂತ ಕ್ಯಾಮ್‌ಶಾಫ್ಟ್ ಮೇಲೆ ಒಂದು ಚಿಕ್ಕ ವ್ಯವಸ್ಥೆ ಎಕ್ಸಾಸ್ಟ್ ವಾಲ್ವನ್ನ ಕೂದಲೆಳೆಯಷ್ಟು ಎತ್ತಿ ಹಿಡಿದಿರುತ್ತೆ, ಸ್ಪೀಡ್ ಬಂದ ಮೇಲೆ ತಾನೇ ಬಿಟ್ಕೊಳ್ಳುತ್ತೆ. ಚಾಕಣ್‌ನಲ್ಲೇ ತಯಾರಾಗೋ ಡ್ಯೂಕ್ 390 ತರದ ದೊಡ್ಡ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಇದಿದೆ. ಇಂಥ ಗಾಡಿಗೆ ಕಂಪ್ರೆಷನ್ ಗೇಜ್ ನಂಬರ್ ನಂಬಿ ಇಂಜಿನ್ ಬಿಚ್ಚಬಾರದು, ಕೆಳಗೆ ಹೇಳಿರೋ ಗಾಳಿ ಬಿಡೋ ಟೆಸ್ಟೇ ಸರಿ.

ಆಯಿಲ್ ಹಾಕಿ ನೋಡೋದು ಅಂತಾರಲ್ಲ, ಅದೇನು?

ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ರೆ ಅದು ರಿಂಗ್ ಸುತ್ತ ಕೂತು ಸಂದು ಮುಚ್ಚುತ್ತೆ. ಆಗ ರೀಡಿಂಗ್ ಜೋರಾಗಿ ಏರಿದ್ರೆ ಸೋರಿಕೆ ರಿಂಗು, ಬೋರ್ ಕಡೆ. ಅಲ್ಲಾಡದೇ ಇದ್ರೆ ವಾಲ್ವ್ ಇಲ್ಲಾ ಹೆಡ್ ಗ್ಯಾಸ್ಕೆಟ್. ಉಪಾಯ ಒಳ್ಳೇದೇ, ಆದ್ರೆ ವಿಡಿಯೋದಲ್ಲಿ "ಒಂದು ಚಮಚ ಹಾಕಿ" ಅನ್ನೋದು ಕಾರಿನ ಲೆಕ್ಕ. ಒಂದು ಟೀ ಚಮಚ ಅಂದ್ರೆ 5 ಎಂಎಲ್, ಸ್ಪ್ಲೆಂಡರ್ ಚೇಂಬರ್ ಇರೋದೇ 12, ಅದರಲ್ಲಿ 5 ಆಯಿಲ್ಲೇ ತುಂಬ್ಕೊಂಡ್ರೆ ರೇಶ್ಯೋ 9ರಿಂದ 14ರ ಮೇಲೆ ಹಾರುತ್ತೆ, ರಿಂಗ್ ಹೇಗೇ ಇರ್ಲಿ ಗೇಜ್ ಏರೇ ಏರುತ್ತೆ, ನೀವು ರಿಂಗ್ ಹೋಗಿದೆ ಅಂತ ತೀರ್ಮಾನ ಮಾಡ್ತೀರಿ. ಮೆಡಿಕಲ್‌ನಲ್ಲಿ ಒಂದು ಸಿರಿಂಜ್ ತಗೊಂಡು ಒಂದರಿಂದ ಎರಡು ಎಂಎಲ್ ಮಾತ್ರ ಬಿಡಿ. ಗೇಜ್ ಹಾಕೋಕೆ ಮುಂಚೆ ತೂತಿನ ಮೇಲೆ ಬಟ್ಟೆ ಮುಚ್ಚಿ ನಾಕೈದು ಕಿಕ್ ಹೊಡೀರಿ, ಹೆಚ್ಚಾಗಿದ್ದು ಹೊರಗೆ ಹಾರಿ ಹೋಗುತ್ತೆ. ಇಷ್ಟಾದ್ರೂ ಹತ್ತು ಹದಿನೈದು ಪಿಎಸ್‌ಐ ಏರಿಕೆ ಬರೀ ಆಯಿಲ್ ಜಾಗ ಹಿಡಿದಿದ್ದರಿಂದ ಬರಬಹುದು, ಅದಕ್ಕೇ ಮಾಮಾ ಗಾಡಿಯಲ್ಲಿ 85 ಹೋಗಿ 95 ಆಗಿದ್ದನ್ನ ನಾನು ಲೆಕ್ಕಕ್ಕೆ ಹಿಡೀಲಿಲ್ಲ. 85 ಇದ್ದಿದ್ದು 130 ಆದ್ರೆ ಅದು ಮಾತು.

ಸ್ಪ್ಲೆಂಡರ್ ತರ ಸಿಲಿಂಡರ್ ಮಲಗಿರೋ ಇಂಜಿನ್‌ನಲ್ಲಿ ಇನ್ನೊಂದು ತೊಡಕು, ಆಯಿಲ್ ಎಲ್ಲಾ ಕೆಳಗಿನ ಮಗ್ಗುಲಲ್ಲೇ ಕೂರುತ್ತೆ, ರಿಂಗಿನ ಮೇಲಿನ ಅರ್ಧಕ್ಕೆ ತಲುಪೋದೇ ಇಲ್ಲ. ಅದಕ್ಕೆ ಅಲ್ಲಿ "ಏರಲಿಲ್ಲ" ಅನ್ನೋದನ್ನ ಪೂರ್ತಿ ನಂಬೋಕಾಗಲ್ಲ. ಸಿಲಿಂಡರ್ ನೆಟ್ಟಗೆ ನಿಂತಿರೋ ಬುಲೆಟ್, ಪಲ್ಸರ್‌ನಲ್ಲಿ ಈ ಟೆಸ್ಟ್ ಚೆನ್ನಾಗಿ ಬರುತ್ತೆ.

ಟ್ಯಾಪೆಟ್‌ಗೂ ಕಂಪ್ರೆಷನ್‌ಗೂ ಏನ್ ಸಂಬಂಧ?

ಟ್ಯಾಪೆಟ್ ಗ್ಯಾಪ್ ಇಲ್ಲ ಅಂದ್ರೆ ರಾಕರ್ (ವಾಲ್ವನ್ನ ಒತ್ತೋ ತೋಳು) ಯಾವಾಗ್ಲೂ ವಾಲ್ವನ್ನ ಚೂರು ಒತ್ಕೊಂಡೇ ಇರುತ್ತೆ, ಬಾಗಿಲಿಗೆ ಚಪ್ಪಲಿ ಸಿಕ್ಕಿಸಿಟ್ಟಂಗೆ. ಗಾಳಿ ಅಲ್ಲಿಂದ ಹೋಗ್ತಾನೇ ಇರುತ್ತೆ. ಕೆಟ್ಟದ್ದೇನಂದ್ರೆ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿನ ಬಹುಪಾಲು ಸೀಟಿಗೆ ತಾಗಿದಾಗಲೇ ಹೆಡ್ಡಿಗೆ ಬಿಡೋದು, ತಾಗದೇ ಇದ್ರೆ ಅಂಚು ಸುಟ್ಟು ಹೋಗುತ್ತೆ. ಬಿಗಿ ಟ್ಯಾಪೆಟ್ ಶಬ್ದ ಮಾಡಲ್ಲ, ಅದೇ ಮೋಸ. ಗಿರಾಕಿ "ಟಕ್ ಟಕ್ ಅಂತಿದೆ" ಅಂತಾರೆ, ಹುಡುಗ ಬಂದು ಸದ್ದು ಹೋಗೋವರೆಗೆ ಬಿಗಿ ಮಾಡಿ ಕಳಿಸ್ತಾನೆ, ಗಿರಾಕಿಗೂ ಖುಷಿ, ಆರು ತಿಂಗಳಿಗೆ ವಾಲ್ವ್ ಹೋಗುತ್ತೆ. ಸಣ್ಣಗೆ ಟಿಕ್ ಟಿಕ್ ಅಂತಿರ್ಲಿ ಬಿಡಿ.

ನೋಡೋದು ಇಂಜಿನ್ ತಣ್ಣಗಿರೋವಾಗ, ರಾತ್ರಿ ನಿಲ್ಸಿದ ಗಾಡಿನ ಬೆಳಗ್ಗೆ. ಮ್ಯಾಗ್ನೆಟ್ ಕವರಿನ ಕಿಟಕಿಯಲ್ಲಿ ಟಿ ಮಾರ್ಕ್ (ಪಿಸ್ಟನ್ ಪೂರ್ತಿ ಮೇಲಿದೆ ಅನ್ನೋ ಗುರುತು) ಸಾಲಿಗೆ ತನ್ನಿ, ಎರಡೂ ರಾಕರ್ ಬೆರಳಲ್ಲಿ ಅಲ್ಲಾಡಿಸಿ. ಅಲ್ಲಾಡ್ಲಿಲ್ಲ ಅಂದ್ರೆ ನೀವು ತಪ್ಪು ಸ್ಟ್ರೋಕ್‌ನಲ್ಲಿ ಇರಬಹುದು, ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ, ಆಗ್ಲೂ ಅಲ್ಲಾಡ್ಲಿಲ್ಲ ಅಂದ್ರೆ ನಿಜವಾಗ್ಲೂ ಬಿಗಿ. ಗ್ಯಾಪ್ ಎಷ್ಟು ಅನ್ನೋದು ಪ್ರತಿ ಗಾಡಿಗೂ ಬೇರೆ, ಮ್ಯಾನುಯಲ್ ನೋಡಿ ಇಡಿ, ಕೈ ಅಂದಾಜು ಬೇಡ.

ಲೀಕ್ ಡೌನ್ ಟೆಸ್ಟ್ ಅಂದ್ರೇನು? ಪಂಕ್ಚರ್ ಅಂಗಡಿ ಕಂಪ್ರೆಸರ್ ಸಾಕಾ?

ಇದು ಉಲ್ಟಾ ಟೆಸ್ಟ್. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಪೂರ್ತಿ ಮೇಲಿದ್ದಾಗ, ಎರಡೂ ವಾಲ್ವ್ ಮುಚ್ಚಿರುತ್ತೆ, ಹೊರಗಿಂದ ಗಾಳಿ ಬಿಟ್ಟು ಅದು ಎಲ್ಲಿಂದ ಹೊರಗೆ ಬರುತ್ತೆ ಅಂತ ಕಿವಿಗೊಟ್ಟು ಕೇಳೋದು. ಎರಡು ಗೇಜ್ ಇರೋ ಉಪಕರಣ ಇದ್ರೆ ಎಷ್ಟು ಪರ್ಸೆಂಟ್ ಸೋರ್ತಿದೆ ಅಂತಾನೂ ಬರುತ್ತೆ, ಅಂದಾಜಿಗೆ ಹತ್ತು ಪರ್ಸೆಂಟ್ ಒಳಗೆ ಇದ್ರೆ ಚೆನ್ನಾಗಿದೆ, ಇಪ್ಪತ್ತು ದಾಟಿದ್ರೆ ಹುಡುಕ್ಬೇಕು. ಆದ್ರೆ ನಂಗೆ ಬೇಕಾಗಿದ್ದು ಪರ್ಸೆಂಟ್ ಅಲ್ಲ, ಜಾಗ. ಅದಕ್ಕೆ ಪಂಕ್ಚರ್ ಅಂಗಡಿ ಸಾಕು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಭಾಗಕ್ಕೆ ಟ್ಯೂಬಿನ ನಿಪ್ಪಲ್ ಬೆಸುಗೆ ಹಾಕಿಸಿದೀನಿ, ಭೋಸರಿಯಲ್ಲಿ ಒಂದು ಲೇತ್ ಅಂಗಡಿಯವರು ಚಹಾ ಕುಡಿಯೋ ಹೊತ್ತಲ್ಲಿ ಮಾಡಿ ಕೊಟ್ರು. ನಿಪ್ಪಲ್ ಒಳಗಿನ ಪಿನ್ ತೆಗೆದು ಹಾಕಿ.

ಜಾಗ್ರತೆ ಏನಂದ್ರೆ, ಪಿಸ್ಟನ್ ಸರಿಯಾಗಿ ಮೇಲೆ ಇಲ್ದೇ ಸ್ವಲ್ಪ ಆಚೀಚೆ ಇದ್ರೆ ಗಾಳಿ ಅದನ್ನ ಒದ್ದು ಕ್ರ್ಯಾಂಕ್ ತಿರುಗಿಸಿ ಬಿಡುತ್ತೆ. ಟಾಪ್ ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡ್ಕೊಳ್ಳಿ, ಮ್ಯಾಗ್ನೆಟ್ ನಟ್ ಮೇಲೆ ಪಾನಾ ಬಿಟ್ಟಿರಬೇಡಿ, ಅದು ತಿರುಗಿ ಮೊಣಕೈಗೆ ಬಡೀತು ಅಂದ್ರೆ ಒಂದು ವಾರ ಕೆಲಸಕ್ಕೆ ರಜಾ. ಕಿಕ್ ಮೇಲೂ ಕಾಲು ಬೇಡ. ಗಾಳಿ 30 ಪಿಎಸ್‌ಐ ಇಂದ ಶುರು ಮಾಡಿ, ಕೇಳೋಕೆ ಅಷ್ಟೇ ಸಾಕು.

ಈಗ ಎರಡು ಅಡಿ ಪೆಟ್ರೋಲ್ ಪೈಪ್ ತಗೊಂಡು ಒಂದು ತುದಿ ಕಿವಿಗೆ ಇಟ್ಕೊಂಡು, ಇನ್ನೊಂದು ತುದಿ ಒಂದೊಂದು ಕಡೆ ಹಿಡೀರಿ. ಸೈಲೆನ್ಸರ್ ಬಾಯಲ್ಲಿ ಸುಸ್ ಅಂದ್ರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಬಿಚ್ಚಿ ಕಾರ್ಬುರೇಟರ್ ಬಾಯಲ್ಲಿ ಕೇಳಿದ್ರೆ ಇನ್‌ಲೆಟ್. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಅಲ್ಲಿಂದ ಬಂದ್ರೆ ರಿಂಗು, ಬೋರ್, ಆದ್ರೆ ಇಲ್ಲಿ ಒಂಚೂರು ಸದ್ದು ಹೊಸ ಇಂಜಿನ್‌ನಲ್ಲೂ ಇರುತ್ತೆ ಯಾಕಂದ್ರೆ ರಿಂಗಿನ ಎರಡು ತುದಿ ಮಧ್ಯೆ ಗ್ಯಾಪ್ ಬೇಕೇ ಬೇಕು. ಹೆಡ್ಡೂ ಸಿಲಿಂಡರೂ ಕೂಡೋ ಜಾಗಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ರೆ ಗ್ಯಾಸ್ಕೆಟ್. ಲಿಕ್ವಿಡ್ ಕೂಲ್ ಗಾಡಿ ಆದ್ರೆ ರೇಡಿಯೇಟರ್ ಮುಚ್ಚಳ ಇಂಜಿನ್ ತಣ್ಣಗಿದ್ದಾಗಲೇ ತೆಗೆದಿಟ್ಟು ಗುಳ್ಳೆ ಬರುತ್ತಾ ನೋಡಿ.

ಒಂದು ವಿಚಿತ್ರ ಕೇಸ್, ಕಂಪ್ರೆಷನ್ ಗೇಜ್ ಕಮ್ಮಿ ತೋರಿಸುತ್ತೆ ಆದ್ರೆ ಗಾಳಿ ಬಿಟ್ರೆ ಎಲ್ಲೂ ಸೋರಲ್ಲ. ಆಗ ಟೈಮಿಂಗ್ ಚೈನ್ ಒಂದು ಹಲ್ಲು ಹಾರಿದೆಯಾ ನೋಡಿ, ಯಾರಾದ್ರೂ ಇತ್ತೀಚೆಗೆ ಹೆಡ್ ಬಿಚ್ಚಿದ್ರೆ ಇನ್ನೂ ಅನುಮಾನ ಪಡಿ. ಕ್ಯಾಮ್ ಸವೆದಿದ್ರೂ, ಡಿಕಂಪ್ರೆಸರ್ ಇದ್ರೂ ಹೀಗೇ ಆಗುತ್ತೆ, ಅಳೆಯೋವಾಗ ಥ್ರಾಟಲ್ ತೆರೆಯೋದು ಮರೆತಿದ್ರೂ.

ರೀಡಿಂಗ್ 160 ಇದೆ, ಆದ್ರೂ ನೀಲಿ ಹೊಗೆ. ಗೇಜ್ ಸುಳ್ಳಾ?

ಸುಳ್ಳಲ್ಲ, ಗೇಜ್‌ಗೆ ಅದು ಕಾಣಲ್ಲ. ಪಿಸ್ಟನ್ ಮೇಲೆ ಎರಡು ಕಂಪ್ರೆಷನ್ ರಿಂಗ್, ಕೆಳಗೆ ಒಂದು ಆಯಿಲ್ ರಿಂಗ್. ಗೇಜ್ ಅಳೆಯೋದು ಮೇಲಿನದರ ಕೆಲಸ ಮಾತ್ರ. ಆಯಿಲ್ ರಿಂಗ್ ಸೋತಿದ್ರೂ, ವಾಲ್ವ್ ಸೀಲ್ ಗಟ್ಟಿಯಾಗಿ ಒಡೆದಿದ್ರೂ ಕಂಪ್ರೆಷನ್ ಚೆನ್ನಾಗೇ ಇರುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಬುಸ್ ಹೊಗೆ ಬಂದು ನಿಂತ್ರೆ, ಇಲ್ಲಾ ಇಳಿಜಾರಲ್ಲಿ ಆಕ್ಸಲರೇಟರ್ ಬಿಟ್ಟು ಬಂದು ಮತ್ತೆ ತಿರುಗಿಸಿದಾಗ ಹೊಗೆ ಬಂದ್ರೆ, ಹೆಚ್ಚಾಗಿ ವಾಲ್ವ್ ಸೀಲ್. ಎಳೆಯೋವಾಗೆಲ್ಲ ಒಂದೇ ಸಮ ಹೊಗೆ, ಮುಚ್ಚಳ ತೆಗೆದ್ರೆ ಅಲ್ಲಿಂದಲೂ ಬುಸ್ ಬುಸ್ ಅಂತ ಹೊಗೆ ಅಂದ್ರೆ ರಿಂಗು. ಸೀಲಿಗೋಸ್ಕರ ಬೋರ್ ಮಾಡಿಸಿದವರನ್ನ ನೋಡಿದೀನಿ, ಹೊಗೆ ನಿಲ್ಲಲೇ ಇಲ್ಲ, ಪಾಪ.

ಆರ್‌ಎಕ್ಸ್ 100ಗೂ ಇದೇನಾ?

ಅರ್ಧ ಇದೇ. ಟೂ ಸ್ಟ್ರೋಕ್‌ನಲ್ಲಿ ಹೆಡ್ ಒಳಗೆ ವಾಲ್ವ್, ಟ್ಯಾಪೆಟ್ ಏನೂ ಇಲ್ಲ, ರೀಡಿಂಗ್ ಕಮ್ಮಿ ಅಂದ್ರೆ ರಿಂಗ್, ಬೋರ್, ಹೆಡ್ ಗ್ಯಾಸ್ಕೆಟ್ ಅಷ್ಟೇ. ಆದ್ರೆ ಅದರಲ್ಲಿ ಕೆಳಗಡೆ ಕ್ರ್ಯಾಂಕ್‌ಕೇಸ್ ಒಳಗೂ ಒಂದು ಕಂಪ್ರೆಷನ್ ನಡೀತಿರುತ್ತೆ, ಅದು ಪ್ಲಗ್ ತೂತಿನ ಗೇಜ್‌ಗೆ ಕಾಣಲ್ಲ. ಮ್ಯಾಗ್ನೆಟ್ ಕಡೆ ಆಯಿಲ್ ಸೀಲ್ ಹೋದ್ರೆ ಗಾಳಿ ಎಳ್ಕೊಂಡು ಐಡಲ್ ಏರುತ್ತೆ, ಮಿಕ್ಸ್‌ಚರ್ ಲೀನ್ ಆಗಿ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿಯಾಗಿ, ಪಿಸ್ಟನ್ ಹಿಡ್ಕೊಳ್ಳೋ ಅಪಾಯ. ಕ್ಲಚ್ ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ. 1996ರಲ್ಲೇ ನಿಂತು ಹೋದ ಗಾಡಿ, ಆ ಸಿಲಿಂಡರ್ ಎಷ್ಟು ಸಲ ಬೋರ್ ಆಗಿದೆ ಅಂತ ಮೊದಲು ಕೇಳ್ಕೊಳ್ಳಿ.

ಮಳೆಗಾಲ ಪೂರ್ತಿ ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಂತಿತ್ತು, ಈಗ ಕಂಪ್ರೆಷನ್ನೇ ಇಲ್ಲ. ಬಿಚ್ಚಿಸ್ಲಾ?

ತಡೀರಿ. ಬೋರ್‌ನಲ್ಲಿ ಆಯಿಲ್ ಎಲ್ಲಾ ಇಳಿದು ಒಣಗಿರುತ್ತೆ, ಎಕ್ಸಾಸ್ಟ್ ವಾಲ್ವ್ ತೆರೆದ ಕಡೆ ನಿಂತಿದ್ರೆ ಸೀಟ್ ಮೇಲೆ ತುಕ್ಕೋ ಕಾರ್ಬನ್ ಚೂರೋ ಕೂತಿರಬಹುದು, ರಿಂಗ್ ಪಿಸ್ಟನ್ನಿನ ತನ್ನ ಗ್ರೂವ್‌ನಲ್ಲೇ ಅಂಟ್ಕೊಂಡಿರಬಹುದು. ಎರಡು ಎಂಎಲ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ, ಬೆಳಗ್ಗೆ ಪ್ಲಗ್ ಇಲ್ದೇ ನಿಧಾನಕ್ಕೆ ತಿರುಗಿಸಿ, ಸ್ಟಾರ್ಟ್ ಆದ್ರೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಆಮೇಲೆ ಅಳೀರಿ. ಪ್ಲಗ್ ಒದ್ದೆ ಆಗೋ ಹಾಗೆ ಕಿಕ್ ಹೊಡೆದಿದ್ರೂ ಪೆಟ್ರೋಲ್ ಬೋರ್ ತೊಳೆದು ರೀಡಿಂಗ್ ಬೀಳುತ್ತೆ, ಅದೂ ಇದೇ ತರ ಸರಿ ಹೋಗುತ್ತೆ.

ಎಲ್ಲಾ ನೋಡಿಯಾಯ್ತು, ರಿಂಗೇ ಹೋಗಿದೆ. ಇನ್ನೇನು ಮಾಡಿಸ್ಲಿ, ಹಾಫ್ ಇಂಜಿನ್ನಾ ಫುಲ್ಲಾ?

ಮೇಲಿನ ಭಾಗ ಮಾತ್ರ ಹಾಫ್, ಕ್ರ್ಯಾಂಕ್ ಸೇರಿದ್ರೆ ಫುಲ್. ಕಂಪ್ರೆಷನ್ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಫುಲ್ ಬೇಡ, ಕೆಳಗಿಂದ ಧಡ್ ಧಡ್ ಅಂತ ಕನೆಕ್ಟಿಂಗ್ ರಾಡ್ ಸದ್ದು ಇದ್ರೆ ಮಾತ್ರ. ಸಿಲಿಂಡರ್ ಇಳಿಸಿದ ಮೇಲೂ ಅಳತೆ ಬಿಡಬೇಡಿ. ಹೊಸ ರಿಂಗನ್ನ ಬರೀ ಬೋರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೆಟ್ಟಗೆ ತಳ್ಳಿ, ತುದಿಗಳ ಗ್ಯಾಪ್‌ಗೆ ಫಿಲ್ಲರ್ ಹಾಕಿ ನೋಡಿ. ಹೊಸ ರಿಂಗಿಗೂ ಗ್ಯಾಪ್ ಜಾಸ್ತಿ ಬಂದ್ರೆ ಬೋರ್ ಸವೆದಿದೆ, ಬರೀ ರಿಂಗ್ ಬದಲಿ ಮಾಡಿ ಪ್ರಯೋಜನ ಇಲ್ಲ. ಕಬ್ಬಿಣದ ಲೈನರ್ ಆದ್ರೆ 0.25, 0.50 ಎಂಎಂ ಹೀಗೆ ಓವರ್‌ಸೈಜ್ ಪಿಸ್ಟನ್‌ಗೆ ಬೋರ್ ಮಾಡ್ತಾರೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನ ಅಳೆದು ಬೋರ್ ಮಾಡಿ ಅಂತ ಹೇಳಿ, ಡಬ್ಬಿ ಮೇಲಿನ ನಂಬರ್ ನೋಡಿ ಅಲ್ಲ. ನಿಕಾಸಿಲ್ ಲೇಪನ ಇರೋ ಅಲ್ಯೂಮಿನಿಯಂ ಸಿಲಿಂಡರ್ ಆದ್ರೆ ಬೋರಿಂಗ್ ಮಾತೇ ಇಲ್ಲ, ಸಿಲಿಂಡರ್ ಪಿಸ್ಟನ್ ಜೋಡಿನೇ ತರ್ಬೇಕು.

ಹೆಡ್ ಕೈಯಲ್ಲಿರೋವಾಗ ಪ್ಲಗ್ ಹಾಕಿ, ತಲೆಕೆಳಗು ಮಾಡದೇ, ಪೋರ್ಟ್ ಒಳಗೆ ಪೆಟ್ರೋಲ್ ಸುರಿದು ಐದು ನಿಮಿಷ ಬಿಡಿ, ವಾಲ್ವ್ ಅಂಚಲ್ಲಿ ಚೇಂಬರ್ ಕಡೆ ಒದ್ದೆ ಆದ್ರೆ ಲ್ಯಾಪಿಂಗ್ (ವಾಲ್ವನ್ನ ಸೀಟಿಗೆ ಉಜ್ಜಿ ಕೂರಿಸೋದು) ಮಾಡಿಸಿ. ಹಳೇ ವಾಲ್ವ್ ಸೋರ್ತಿದ್ರೆ ಹೊಸ ರಿಂಗ್ ಹಾಕಿನೂ ರೀಡಿಂಗ್ ಏರಲ್ಲ.

ಕೆಲಸ ಆಯ್ತು, ಆದ್ರೂ 125 ಅಷ್ಟೇ ತೋರಿಸ್ತಿದೆ!

ಹೊಸ ರಿಂಗ್ ಬೋರ್‌ಗೆ ಒಗ್ಗಬೇಕು. ಸುಮಾರು 500 ಕಿಲೋಮೀಟರ್ ಓಡಿಸಿ, ಒಂದೇ ಸ್ಪೀಡಲ್ಲಿ ಹೈವೇ ಹಿಡೀಬೇಡಿ, ಏರಿಸಿ ಇಳಿಸಿ ಓಡಿಸಿ. ಹೆಡ್ ಕೂತ ಮೇಲೆ ಟ್ಯಾಪೆಟ್ ಮತ್ತೆ ನೋಡಿ, ಆಯಿಲ್ ಬದಲಿ ಮಾಡಿ, ಆಮೇಲೆ ಅದೇ ಗೇಜ್, ಅದೇ ಥರ ಬೆಚ್ಚಗೆ ಮಾಡಿ ಅಳೆದು ತಾರೀಖು ಹಾಕಿ ಬರ್ದಿಡಿ. ನಾನು ಸೀಟ್ ಕೆಳಗೆ ಮಾರ್ಕರ್‌ನಲ್ಲೇ ಬರೀತೀನಿ, ಮಾಮಾ ಗಾಡಿ ಸೀಟ್ ಎತ್ತಿದ್ರೆ ಈಗ ನಾಕು ಸಾಲಿದೆ: 85, 140, 105, 155.